ತಕರಾರು ತೆಗೆಯುವವರು

1975ರ ಬೇಸಿಗೆ. ಗುರುತ್ವ ಮತ್ತು ವಿಶ್ವರಚನೆಯ ಕುರಿತು ಬಾಹ್ಯಾಕಾಶದಲ್ಲಿ ಯಾವ ಯಾವ ಪ್ರಯೋಗ ಮಾಡಬಹುದು ಎಂದು ಚರ್ಚಿಸಲು ನಾಸಾ ಸಂಸ್ಥೆ ವಾಷಿಂಗ್ಟನ್‌ನಲ್ಲಿ ಸಮಿತಿಯೊಂದರ ಸಭೆ ಕರೆದಿತ್ತು. ಸಮಿತಿಯ ಹೊಣೆ ಎಂಐಟಿಯ ರೈನರ್ ವೈಸ್ ಅವರದ್ದು. ಕ್ಯಾಲ್ಟೆಕ್‌ನಿಂದ ಬರಲಿದ್ದ ಕಿಪ್ ಥಾರ್ನ್ ಅವರನ್ನು ಕರೆತರಲು ವೈಸ್ ತಾವೇ ವಿಮಾನ ನಿಲ್ದಾಣಕ್ಕೆ ಹೋದರು. ಊರು ತುಂಬ ಪ್ರವಾಸಿಗರು. ಥಾರ್ನ್ ಎಲ್ಲೂ ಕೋಣೆ ಕಾದಿರಿಸಿರಲಿಲ್ಲ. ಕೊನೆಗೆ ಇಬ್ಬರೂ ಒಂದೇ ಕೋಣೆಯಲ್ಲಿ ಉಳಿದುಕೊಂಡರು, ಮತ್ತು ಮಲಗಲಿಲ್ಲ.

ಥಾರ್ನ್ ಆಗ ಮೂವತ್ತೈದು ವರ್ಷದ ಸಿದ್ಧಾಂತಿ. ಅವರ ತಲೆಯಲ್ಲಿದ್ದ ಪ್ರಶ್ನೆ ಸರಳವಾಗಿತ್ತು: ಕ್ಯಾಲ್ಟೆಕ್‌ನಲ್ಲಿ ಗುರುತ್ವದ ಮೇಲೆ ಪ್ರಯೋಗ ನಡೆಸುವ ಒಂದು ಗುಂಪು ಕಟ್ಟಬೇಕು, ಆದರೆ ಯಾವ ಪ್ರಯೋಗ? ದೊಡ್ಡದೊಂದು ಹಾಳೆ ಹರಡಿಕೊಂಡು, ಗುರುತ್ವಕ್ಕೆ ಸಂಬಂಧಿಸಿದ ಎಲ್ಲ ಪ್ರಯೋಗಗಳನ್ನೂ ಅದರ ಮೇಲೆ ಬರೆಯುತ್ತ ಹೋದರು. ಯಾವುದರಲ್ಲಿ ಏನು ಉಳಿದಿದೆ, ಯಾರು ಏನು ಮಾಡುತ್ತಿದ್ದಾರೆ, ಎಲ್ಲಿ ಕೈಹಾಕಿದರೆ ವ್ಯರ್ಥ. ಬೆಳಗಿನ ಹೊತ್ತಿಗೆ ಹಾಳೆಯ ಮೇಲೆ ಉಳಿದುಕೊಂಡ ವಿಷಯಗಳಲ್ಲಿ ಮುಖ್ಯವಾದದ್ದು ಗುರುತ್ವದ ಅಲೆಗಳನ್ನು ಲೇಸರ್ ಬೆಳಕಿನಿಂದ ಹಿಡಿಯುವ ಯೋಚನೆ.

ತಮಾಷೆಯೆಂದರೆ, ಇದೇ ಯೋಚನೆಯನ್ನು ಥಾರ್ನ್ ಎರಡು ವರ್ಷ ಮುಂಚೆ ಅಚ್ಚಿನಲ್ಲೇ ತಳ್ಳಿಹಾಕಿದ್ದರು. 1973ರಲ್ಲಿ ಚಾರ್ಲ್ಸ್ ಮಿಸ್ನರ್ ಮತ್ತು ಜಾನ್ ವ್ಹೀಲರ್ ಜೊತೆ ಸೇರಿ ಅವರು ಬರೆದ ‘ಗ್ರಾವಿಟೇಷನ್’ ಸಾವಿರದ ಇನ್ನೂರು ಪುಟ ಮೀರಿದ ಗ್ರಂಥ. ಭೌತವಿಜ್ಞಾನದ ವಿದ್ಯಾರ್ಥಿಗಳು ಇಂದಿಗೂ ಎರಡೂ ಕೈಯಲ್ಲಿ ಎತ್ತಿಕೊಳ್ಳುವಂಥದ್ದು. ಲೇಸರ್ ವಿಧಾನ ಯಾಕೆ ಪ್ರಯೋಜನಕ್ಕೆ ಬಾರದು ಎಂದು ವಿದ್ಯಾರ್ಥಿಯೇ ಲೆಕ್ಕ ಮಾಡಿ ತೋರಿಸಬೇಕಾದ ಒಂದು ಅಭ್ಯಾಸ ಅದರಲ್ಲಿದೆ. ಒಂದು ರಾತ್ರಿಯ ಮಾತಿಗೆ ಥಾರ್ನ್ ಮನಸ್ಸು ಬದಲಾಯಿಸಿದರು ಎಂದು ಕಥೆ ಹೇಳುವುದು ಸುಲಭ, ಆದರೆ ಹಾಗೆ ಆಗಲಿಲ್ಲ. ಅಲ್ಲಿಂದಾಚೆಗೆ ಕೂಡ ತಮ್ಮ ಲೆಕ್ಕ ತಾವೇ ಹಾಕಿದರು, ಬೇರೆಯವರನ್ನು ಕೇಳಿದರು, ಮಾಸ್ಕೋಗೆ ಹೋಗಿ ವ್ಲಾದಿಮಿರ್ ಬ್ರಗಿನ್‌ಸ್ಕಿ ಜೊತೆ ಚರ್ಚಿಸಿದರು. ಆ ರಾತ್ರಿ ವೈಸ್ ಅವರ ಬಳಿ ಇದ್ದದ್ದು ಉತ್ಸಾಹ ಮಾತ್ರ ಆಗಿದ್ದರೆ ಇಷ್ಟೂ ನಡೆಯುತ್ತಿರಲಿಲ್ಲ. ಅವರ ಬಳಿ ತಕರಾರುಗಳ ಒಂದು ಪಟ್ಟಿ ಇತ್ತು. ತಮ್ಮದೇ ಯೋಚನೆಯ ವಿರುದ್ಧ ತಾವೇ ಬರೆದ ತಕರಾರುಗಳು.

ಈ ಅಧ್ಯಾಯದಲ್ಲಿ ನಾನು ಹೇಳಹೊರಟಿರುವುದು ಆ ಪಟ್ಟಿಯ ಕಥೆ. ಒರಟು ಯೋಚನೆಯೊಂದು ಕೆಲಸಕ್ಕೆ ಬರುವ ಯೋಜನೆಯಾಗುವುದು ಹತ್ತು ಜನ ಅದನ್ನು ಹೊಗಳಿದಾಗಲೂ ಅಲ್ಲ, ಹತ್ತು ಜನ ತಮ್ಮ ತಮ್ಮ ಯೋಚನೆಗಳನ್ನು ಅದಕ್ಕೆ ಸೇರಿಸಿದಾಗಲೂ ಅಲ್ಲ. ಮಾತಿಗೆ ಕೂತವರಲ್ಲಿ ಒಬ್ಬರಾದರೂ ‘ಇದು ಎಲ್ಲಿ ಕೈಕೊಡುತ್ತದೆ?’ ಎಂದು ಕೇಳಿ, ಉಳಿದವರು ಸಿಟ್ಟಾಗದೆ ಉತ್ತರ ಹುಡುಕಿದಾಗ. ಮನೆ ಕಟ್ಟಿಸುವವರು ನೋಟ್‌ಬುಕ್ಕಿನ ಹಾಳೆಯಲ್ಲಿ ಗೆರೆ ಎಳೆದು ಹಾಲು, ರೂಮು, ದೇವರ ಮನೆ ಎಂದು ತೋರಿಸುವಾಗ ಮೇಸ್ತ್ರಿ ಗಡ್ಡ ಕೆರೆದುಕೊಂಡು ‘ಬಚ್ಚಲ ನೀರು ಎಲ್ಲಿಗೆ ಹೋಗ್ತದೆ ಸಾರ್?’ ಎಂದು ಕೇಳುತ್ತಾನಲ್ಲ, ಆ ಪ್ರಶ್ನೆ.

ವೈಸ್ ಅವರಿಗೆ ಈ ಯೋಚನೆ ಬಂದದ್ದು ಪಾಠ ಮಾಡುವಾಗ. 1960ರ ದಶಕದ ಕೊನೆಯ ಭಾಗದಲ್ಲಿ ಎಂಐಟಿಯಲ್ಲಿ ಸಾಮಾನ್ಯ ಸಾಪೇಕ್ಷತಾ ಸಿದ್ಧಾಂತ ಕಲಿಸುವ ಕೆಲಸ ಅವರ ಪಾಲಿಗೆ ಬಂತು. ಅವರು ಪ್ರಯೋಗದ ಮನುಷ್ಯ. ಆ ಗಣಿತದಲ್ಲಿ ವಿದ್ಯಾರ್ಥಿಗಳಿಗಿಂತ ಸ್ವಲ್ಪವೇ ಮುಂದಿದ್ದೆ ಎಂದು ಅವರೇ ಹೇಳಿಕೊಂಡಿದ್ದಾರೆ. ಆ ಹೊತ್ತಿಗೆ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಜೋಸೆಫ್ ವೆಬರ್ ಗುರುತ್ವದ ಅಲೆ ಹಿಡಿಯಲು ದೊಡ್ಡ ಅಲ್ಯೂಮಿನಿಯಂ ಉರುಳೆಗಳನ್ನು ತೂಗುಹಾಕಿದ್ದರು. ಅಲೆ ಹಾದುಹೋದಾಗ ಉರುಳೆ ಅದುರುತ್ತದೆ, ಆ ಅದುರನ್ನು ಅಳೆಯಬಹುದು ಎಂಬುದು ಅವರ ಲೆಕ್ಕ. ವಿದ್ಯಾರ್ಥಿಗಳು ಅದರ ಬಗ್ಗೆ ವಿವರಿಸಿ ಎಂದರು. ವೈಸ್ ಅವರಿಗೆ ವೆಬರ್ ಅವರ ವಾದ ಎಷ್ಟು ಓದಿದರೂ ತಲೆಗೆ ಹೋಗಲಿಲ್ಲ. ತಿಳಿಯದ್ದನ್ನು ಬಾಯಿಪಾಠ ಒಪ್ಪಿಸುವ ಬದಲು, ತಮಗೆ ಅರ್ಥವಾಗುವ ಹಾಗೆ ಒಂದು ಲೆಕ್ಕ ಮಾಡಿ ತರಗತಿಗೆ ಕೊಟ್ಟರು: ಯಾವುದಕ್ಕೂ ಅಂಟಿಕೊಳ್ಳದೆ ತೇಲುವ ಕೆಲವು ವಸ್ತುಗಳಿವೆ ಎಂದುಕೊಳ್ಳಿ. ಅವುಗಳ ನಡುವೆ ಬೆಳಕು ಹೋಗಿ ಬರುವುದಕ್ಕೆ ಹಿಡಿಯುವ ಹೊತ್ತನ್ನು ಅಳೆಯಿರಿ. ಗುರುತ್ವದ ಅಲೆ ಹಾದುಹೋದರೆ ಆ ಹೊತ್ತು ಬದಲಾಗುತ್ತದೆಯೆ?

ಬದಲಾಗುತ್ತದೆ. ಅಲೆ ಬಂದಾಗ ಅವಕಾಶವೇ ಒಂದು ದಿಕ್ಕಿನಲ್ಲಿ ಹಿಗ್ಗಿ, ಅದಕ್ಕೆ ಅಡ್ಡಲಾಗಿ ಕುಗ್ಗುತ್ತದೆ. ಮರುಕ್ಷಣ ಅದರ ತಿರುವುಮುರುವು. ಹಾಗಾಗಿ ಇಂಗ್ಲಿಷಿನ ‘ಎಲ್’ ಅಕ್ಷರದಂತೆ ಎರಡು ತೋಳು ಚಾಚಿ, ಒಂದೇ ಲೇಸರ್ ಕಿರಣವನ್ನು ಸೀಳಿ ಎರಡು ಕಡೆಗೂ ಕಳಿಸಿ, ತುದಿಯ ಕನ್ನಡಿಗಳಿಂದ ಮರಳಿಸಿ ಕೂಡಿಸಿದರೆ, ಎರಡು ತೋಳುಗಳ ಉದ್ದದ ವ್ಯತ್ಯಾಸ ಬೆಳಕಿನ ಏರಿಳಿತವಾಗಿ ಕಾಣುತ್ತದೆ. ತತ್ವ ಇಷ್ಟೆ. ಇದು ವೈಸ್ ಒಬ್ಬರಿಗೇ ಹೊಳೆದದ್ದೂ ಅಲ್ಲ. ಸೋವಿಯತ್ ಒಕ್ಕೂಟದಲ್ಲಿ ಗೆರ್ತ್ಸೆನ್‌ಸ್ಟೈನ್ ಮತ್ತು ಪುಸ್ತೋವೊಯ್ತ್ 1962ರಲ್ಲೇ ಇಂಥ ಸಲಹೆ ಮುಂದಿಟ್ಟಿದ್ದರು. ವೆಬರ್ ಬಳಗದಲ್ಲೂ ಈ ಮಾತು ಬಂದುಹೋಗಿತ್ತು. ವೆಬರ್ ಅವರ ಹಳೆಯ ಶಿಷ್ಯ ರಾಬರ್ಟ್ ಫಾರ್ವರ್ಡ್ ಕ್ಯಾಲಿಫೋರ್ನಿಯಾದಲ್ಲಿ ಸಣ್ಣ ಮಾದರಿಯೊಂದನ್ನು ಕಟ್ಟಿಯೂ ನೋಡಿದರು. ಯೋಚನೆಗೆ ಬರಗಾಲ ಇರಲಿಲ್ಲ.

ಬರಗಾಲ ಇದ್ದದ್ದು ಯೋಚನೆಯನ್ನು ಪೂರ್ತಿ ಬಗೆದು ನೋಡುವವರಿಗೆ. ವೈಸ್ ಒಂದು ಬೇಸಿಗೆಯಿಡೀ ಕೂತು ಅದನ್ನೇ ಮಾಡಿದರು. ಅದರ ಫಲವಾದ ವರದಿ 1972ರಲ್ಲಿ ಎಂಐಟಿಯ ಪ್ರಯೋಗಾಲಯವೊಂದರ ತ್ರೈಮಾಸಿಕ ಪ್ರಗತಿ ವರದಿಯ ಒಳಗೆ ಸೇರಿಹೋಯಿತು. ಹೆಸರಾಂತ ಪತ್ರಿಕೆಗೆ ಕಳಿಸುವ ಗೊಡವೆಗೇ ಹೋಗಲಿಲ್ಲ. ಅಲೆಯನ್ನು ಹೇಗೆ ಹಿಡಿಯುವುದು ಎಂಬುದಕ್ಕಿಂತ ಅಲೆಯ ವೇಷದಲ್ಲಿ ಬಂದು ಮೋಸ ಮಾಡಬಹುದಾದ್ದೆಲ್ಲ ಏನೇನು ಎಂಬುದೇ ಆ ವರದಿಯ ಜೀವಾಳ. ಲೇಸರಿನ ತೀವ್ರತೆ ಏರಿಳಿಯಬಹುದು. ಅದರ ಬಣ್ಣ ಕೂದಲೆಳೆಯಷ್ಟು ಜಾರಬಹುದು. ಕನ್ನಡಿಯ ಅಣುಗಳು ಶಾಖದಿಂದಲೇ ನಡುಗುತ್ತಿರುತ್ತವೆ. ಬೆಳಕು ತಾನೇ ಕನ್ನಡಿಯನ್ನು ತಳ್ಳುತ್ತದೆ. ನೆಲ ಅದುರುತ್ತದೆ. ಕೊಳವೆಯ ಒಂದು ಬದಿ ಇನ್ನೊಂದಕ್ಕಿಂತ ಬಿಸಿಯಾದರೆ ಅಲ್ಲಿ ಉಳಿದ ಅನಿಲ ಕನ್ನಡಿಯನ್ನು ದೂಡುತ್ತದೆ. ವಿಶ್ವಕಿರಣಗಳು ಬಂದು ಬಡಿಯುತ್ತವೆ. ಕಾಂತಕ್ಷೇತ್ರ, ವಿದ್ಯುತ್‌ಕ್ಷೇತ್ರ ಎಳೆಯುತ್ತವೆ. ಕಡೆಗೆ, ಹತ್ತಿರದಲ್ಲಿ ಗಾಳಿಯ ಒತ್ತಡ ಬದಲಾದರೆ ಆ ಗಾಳಿಯ ರಾಶಿಯ ಗುರುತ್ವವೇ ಕನ್ನಡಿಯನ್ನು ತನ್ನತ್ತ ಸೆಳೆಯುತ್ತದೆ. ಇದನ್ನು ತಡೆಯುವ ಗೋಡೆ ಜಗತ್ತಿನಲ್ಲಿಲ್ಲ. ಇಷ್ಟನ್ನೂ ಹೆಸರಿಸಿ ಬಿಡಲಿಲ್ಲ, ಒಂದೊಂದೂ ಎಷ್ಟು ಗಲಾಟೆ ಮಾಡುತ್ತದೆ ಎಂದು ಅಂಕಿ ಹಾಕಿದರು.

ಅಂಕಿ ಯಾಕೆ ಮುಖ್ಯ ಎಂದರೆ ಹಿಡಿಯಬೇಕಾದ ಅಲೆ ಅಷ್ಟು ಸಣ್ಣದು. ಒಂದರ ಮುಂದೆ ಇಪ್ಪತ್ತೊಂದು ಸೊನ್ನೆ ಬರೆದು, ಅಷ್ಟರಲ್ಲಿ ಒಂದು ಪಾಲು ಎಂದರೆ ಉದ್ದದಲ್ಲಿ ಆಗುವ ಬದಲಾವಣೆ. ತೋಳು ನಾಲ್ಕು ಕಿಲೋಮೀಟರ್ ಇದ್ದರೂ ಅದು ಹಿಗ್ಗುವುದು ಪ್ರೋಟಾನಿನ ಅಗಲದ ಕೆಲವು ನೂರರಲ್ಲಿ ಒಂದು ಪಾಲಿನಷ್ಟು. ಅದಕ್ಕೆ ಹೋಲಿಸಿದರೆ ಹೆದ್ದಾರಿಯಲ್ಲಿ ಹೋಗುವ ಲಾರಿಯಿಂದ ನೆಲ ಅದುರುವುದು ಪ್ರಳಯ.

ವೈಸ್ ಹೀಗೆ ಯೋಚಿಸಿದ್ದು ಆಕಸ್ಮಿಕ ಅಲ್ಲ. ಹುಡುಗನಾಗಿದ್ದಾಗ ಅವರಿಗೆ ಹೈಫೈ ಸಂಗೀತ ಯಂತ್ರಗಳ ಹುಚ್ಚು. ಹಳೆಯ ಗ್ರಾಮಫೋನ್ ತಟ್ಟೆಯ ಚರಚರ ಸದ್ದು ತೆಗೆಯುವುದು ಹೇಗೆಂದು ಕಲಿಯಲು ಎಂಐಟಿ ಸೇರಿದವರು. ನಡುವೆ ಓದು ಕೈಬಿಟ್ಟು, ಅಲ್ಲೇ ಒಂದು ಪ್ರಯೋಗಾಲಯದಲ್ಲಿ ತಂತ್ರಜ್ಞನಾಗಿ ದುಡಿದು, ಮತ್ತೆ ಓದಿ ಮೇಲೆ ಬಂದವರು. ಸದ್ದಿನ ಜೊತೆಗೆ ಅವರದು ಜೀವಮಾನದ ಜಗಳ.

ಆ ವರದಿಯನ್ನು ಆಧರಿಸಿ ಹಣ ಕೇಳಿದ ಅರ್ಜಿ ತಿರಸ್ಕೃತವಾಯಿತು. ಅದೇ ಅರ್ಜಿ ಪರಿಶೀಲನೆಗೆಂದು ಮ್ಯೂನಿಕ್‌ನ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಗುಂಪಿನ ಕೈಗೂ ಹೋಗಿತ್ತು. ಅವರು ಓದಿ, ಮೆಚ್ಚಿ, ತಾವೇ ಅಂಥದ್ದೊಂದನ್ನು ಕಟ್ಟಲು ತೊಡಗಿದರು! ವೈಸ್ ಅವರಿಗೆ ಇದರಿಂದ ಎಷ್ಟು ಸಂಕಟವಾಗಿರಬಹುದು ಎಂದು ಊಹಿಸಬಹುದು. ಆದರೆ ಒಂದು ಸಂಗತಿ ಗಮನಿಸಿ. ತಕರಾರುಗಳ ಪಟ್ಟಿ ಎಷ್ಟು ಪ್ರಾಮಾಣಿಕವಾಗಿತ್ತೆಂದರೆ, ಬರೆದವರನ್ನು ಎಂದೂ ಕಾಣದವರು ಕೂಡ ಅದನ್ನು ಹಿಡಿದುಕೊಂಡು ಕೆಲಸ ಶುರುಮಾಡಬಹುದಾಗಿತ್ತು. ಬರೀ ಯೋಚನೆಯಾಗಿದ್ದರೆ ಓದಿ ಪಕ್ಕಕ್ಕಿಡುತ್ತಿದ್ದರು.

ತಕರಾರು ತಡವಾಗಿ ಬಂದರೆ ಏನಾಗುತ್ತದೆ ಎಂಬುದಕ್ಕೆ ವೆಬರ್ ಅವರದೇ ಉದಾಹರಣೆ ಇದೆ, ಮತ್ತು ಅದನ್ನು ಹೇಳುವಾಗ ನನಗೆ ಅವರ ಬಗ್ಗೆ ಕನಿಕರವೇ ಹೆಚ್ಚು. 1957ರ ಜನವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನಲ್ಲಿ ನಡೆದ ಸಮ್ಮೇಳನದಲ್ಲಿ, ಗುರುತ್ವದ ಅಲೆ ಶಕ್ತಿಯನ್ನು ಹೊತ್ತೊಯ್ಯುತ್ತದೆಯೋ ಇಲ್ಲವೋ ಎಂಬುದೇ ವಿವಾದವಾಗಿತ್ತು. ಮಣಿಯೊಂದು ಕೋಲಿನ ಮೇಲೆ ಬಿಗಿಯಾಗಿ ಕೂತಿದೆ ಎಂದುಕೊಳ್ಳಿ, ಅಲೆ ಬಂದಾಗ ಅದು ಹಿಂದೆಮುಂದೆ ಉಜ್ಜಿ ಬಿಸಿಯಾಗುತ್ತದಲ್ಲ, ಆ ಶಾಖ ಎಲ್ಲಿಂದ ಬಂತು ಎಂಬರ್ಥದ ವಾದವನ್ನು ರಿಚರ್ಡ್ ಫೈನ್‌ಮನ್ ಅಲ್ಲಿ ಮುಂದಿಟ್ಟರು. ಕೇಳಿದವರಲ್ಲಿ ವೆಬರ್ ಕೂಡ ಇದ್ದರು. ಅಲೆ ಶಕ್ತಿ ಕೊಡುವುದಾದರೆ ಹಿಡಿಯಲೂಬಹುದು ಎಂದು ಅವರು ಹೊರಟರು. ಇಡೀ ಕ್ಷೇತ್ರವನ್ನು ಪ್ರಯೋಗದ ಕಡೆ ತಿರುಗಿಸಿದ ಧೈರ್ಯ ಅವರದು. 1969ರಲ್ಲಿ, ಮೇರಿಲ್ಯಾಂಡ್‌ನಲ್ಲೂ ಶಿಕಾಗೋ ಬಳಿಯ ಆರ್ಗಾನ್‌ನಲ್ಲೂ ಉರುಳೆಗಳು ಏಕಕಾಲಕ್ಕೆ ಅದುರಿದವು ಎಂದು ಸಾರಿದರು. ಜಗತ್ತಿನ ಹಲವೆಡೆ ಜನ ಉರುಳೆ ತೂಗುಹಾಕಿ ನೋಡಿದರು. ಯಾರಿಗೂ ಏನೂ ಸಿಗಲಿಲ್ಲ. ಐಬಿಎಂನ ರಿಚರ್ಡ್ ಗಾರ್ವಿನ್ ತಾವೇ ಒಂದು ಉರುಳೆ ಕಟ್ಟಿ ಪರೀಕ್ಷಿಸಿ, 1974ರಲ್ಲಿ ತುಂಬಿದ ಸಭೆಯಲ್ಲಿ ವೆಬರ್ ಅವರನ್ನು ಎದುರಿಸಿದರು. ಇನ್ನೊಂದು ಗುಂಪಿನ ದಾಖಲೆಗಳ ಜೊತೆ ಹೊಂದಿಕೆ ಕಂಡಿದೆ ಎಂದು ವೆಬರ್ ಹೇಳಿದ್ದರಷ್ಟೆ. ಎರಡೂ ಕಡೆಯ ಗಡಿಯಾರಗಳ ನಡುವೆ ನಾಲ್ಕು ತಾಸುಗಳ ವ್ಯತ್ಯಾಸ ಇದ್ದದ್ದು ಆಮೇಲೆ ಗೊತ್ತಾಯಿತು. ಒಂದೇ ಕ್ಷಣದಲ್ಲಿ ಆಗಿರದ ಘಟನೆಗಳ ನಡುವೆ ಅವರಿಗೆ ಹೊಂದಿಕೆ ಕಂಡಿತ್ತು! ವೆಬರ್ ಸೋಮಾರಿಯಲ್ಲ, ಮೋಸಗಾರನಲ್ಲ. ಮನೆಯೊಳಗೆ ಬರಬೇಕಿದ್ದ ತಕರಾರು ಬೀದಿಯಲ್ಲಿ ಬಂತು, ಅಷ್ಟೆ. ಬೀದಿಯಲ್ಲಿ ಯಾರೂ ಸೋಲೊಪ್ಪಿಕೊಳ್ಳುವುದಿಲ್ಲ. ಅವರೂ ಕೊನೆಯ ತನಕ ಒಪ್ಪಲಿಲ್ಲ.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಸರಿಯೋಣ. ಇಂದು ಬೆಂಗಳೂರಿನ ಯಾವ ಕಚೇರಿಗೆ ಹೋದರೂ ‘ಬ್ರೈನ್‌ಸ್ಟಾರ್ಮಿಂಗ್’ ಎಂಬ ಪೂಜೆ ನಡೆಯುತ್ತಿರುತ್ತದೆ: ಬಣ್ಣಬಣ್ಣದ ಚೀಟಿಗಳು, ಬಿಳಿ ಹಲಗೆ, ‘ಯಾವ ಐಡಿಯಾನೂ ಕೆಟ್ಟದ್ದಲ್ಲ’ ಎಂಬ ಮಂತ್ರ. ಈ ಮಂತ್ರದ ಕರ್ತೃ ಅಲೆಕ್ಸ್ ಆಸ್‌ಬಾರ್ನ್ ಎಂಬ ಅಮೆರಿಕದ ಜಾಹೀರಾತು ಉದ್ಯಮಿ. ಯೋಚನೆಗಳು ಹೊರಬರುವ ತನಕ ಯಾರೂ ಟೀಕಿಸಕೂಡದು ಎಂಬುದು ಅವರ ನಿಯಮಗಳಲ್ಲಿ ಮುಖ್ಯವಾದದ್ದು. 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನು ಪರೀಕ್ಷಿಸಿದರು. ನಾಲ್ಕು ಜನರನ್ನು ಒಟ್ಟಿಗೆ ಕೂರಿಸಿ ಯೋಚನೆ ಹೇಳಿಸಿದರು. ಇನ್ನು ನಾಲ್ಕು ಜನರನ್ನು ಬೇರೆಬೇರೆ ಕೂರಿಸಿ ಬರೆಸಿ, ಕೊನೆಗೆ ಒಟ್ಟು ಸೇರಿಸಿದರು. ಬೇರೆಬೇರೆ ಕೂತವರದೇ ಮೇಲುಗೈ. ಇದು ಆಮೇಲೆ ಮತ್ತೆ ಮತ್ತೆ ರುಜುವಾಗಿದೆ. 1987ರಲ್ಲಿ ಡೀಲ್ ಮತ್ತು ಸ್ಟ್ರೋಬ ಇದಕ್ಕೆ ಒಂದು ಮುಖ್ಯ ಕಾರಣ ತೋರಿಸಿಕೊಟ್ಟರು: ಒಬ್ಬ ಮಾತಾಡುವಾಗ ಉಳಿದವರು ಕಾಯಬೇಕು, ಕಾಯುವಾಗ ತಲೆಯಲ್ಲಿದ್ದದ್ದು ಹಾರಿಹೋಗುತ್ತದೆ. 2004ರಲ್ಲಿ ಶಾರ್ಲನ್ ನೆಮೆತ್ ಮತ್ತು ಸಂಗಡಿಗರು ಅಮೆರಿಕ ಹಾಗೂ ಫ್ರಾನ್ಸ್‌ನಲ್ಲಿ ನಡೆಸಿದ ಅಧ್ಯಯನ ಇನ್ನೂ ಸ್ವಾರಸ್ಯಕರ. ‘ಟೀಕಿಸಬೇಡಿ’ ಎಂದು ಹೇಳಿಸಿಕೊಂಡ ಗುಂಪುಗಳಿಗಿಂತ ‘ಬೇಕಾದರೆ ವಾದ ಮಾಡಿ, ಟೀಕಿಸಿ’ ಎಂದು ಹೇಳಿಸಿಕೊಂಡ ಗುಂಪುಗಳಿಂದ ಬಂದ ಯೋಚನೆಗಳು ಹೆಚ್ಚು.

ಹಾಗಾದರೆ ಒಟ್ಟಿಗೆ ಕೂತು ಮಾತಾಡುವುದೇ ದಂಡವೆ? ಅಲ್ಲ. ಯೋಚನೆ ಹುಟ್ಟಿಸುವುದಕ್ಕೆ ಗುಂಪು ಬೇಕಿಲ್ಲದಿರಬಹುದು. ಹುಟ್ಟಿದ್ದನ್ನು ಬದುಕಿಸುವುದಕ್ಕೆ ಬೇಕು. ಕೆವಿನ್ ಡನ್‌ಬಾರ್ ಎಂಬ ಮನೋವಿಜ್ಞಾನಿ 1990ರ ದಶಕದ ಆರಂಭದಲ್ಲಿ ಅಣುಜೀವವಿಜ್ಞಾನದ ಪ್ರಯೋಗಾಲಯಗಳಲ್ಲಿ ಹೋಗಿ ಕೂತು, ಅವರ ವಾರದ ಸಭೆಗಳನ್ನು ಧ್ವನಿಮುದ್ರಿಸಿ ಸಾಲುಸಾಲಾಗಿ ಪರಿಶೀಲಿಸಿದರು. ಅಲ್ಲಿ ಬರುತ್ತಿದ್ದ ಫಲಿತಾಂಶಗಳಲ್ಲಿ ಅರ್ಧದಷ್ಟು ಯಾರೂ ನಿರೀಕ್ಷಿಸಿರದಂಥವು. ಒಬ್ಬೊಬ್ಬರೇ ಇದ್ದಾಗ ‘ಎಲ್ಲೋ ಕೈತಪ್ಪಿರಬೇಕು’ ಎಂದು ಬದಿಗಿಡುತ್ತಿದ್ದ ಆ ಫಲಿತಾಂಶಗಳು, ಸಭೆಯಲ್ಲಿ ಬೇರೆಯವರು ‘ಅದು ಹಾಗೇಕೆ ಆಯಿತು?’ ಎಂದು ಕೆದಕಿದಾಗ ಹೊಸ ವಿಚಾರವಾಗಿ ತಿರುಗಿಕೊಳ್ಳುತ್ತಿದ್ದವು. ಸೂಕ್ಷ್ಮದರ್ಶಕದ ಮುಂದೆ ಅಲ್ಲ, ಸಭೆಯ ಮೇಜಿನ ಸುತ್ತ. ಇನ್ನೊಂದು ಸಂಗತಿಯೂ ಅವರ ಕಣ್ಣಿಗೆ ಬಿತ್ತು. ಎಲ್ಲರೂ ಒಂದೇ ಬಗೆಯ ತರಬೇತಿ ಪಡೆದಿದ್ದ ಪ್ರಯೋಗಾಲಯ ವಾರಗಟ್ಟಲೆ ಒದ್ದಾಡಿದ ತೊಡಕೊಂದನ್ನು, ಬೇರೆಬೇರೆ ಹಿನ್ನೆಲೆಯವರು ಕೂಡಿದ್ದ ಪ್ರಯೋಗಾಲಯ ಒಂದೇ ಸಭೆಯಲ್ಲಿ ಬಿಡಿಸಿತು. ಒಂದೇ ಗರಡಿಯಲ್ಲಿ ಪಳಗಿದವರಿಗೆ ಒಂದೇ ಬಗೆಯ ತಕರಾರು ಹೊಳೆಯುತ್ತದೆ, ಅಷ್ಟೇ ವಿಷಯ.

ಇನ್ನು ಅಲೆಯ ಕಡೆಗೆ ಬರೋಣ. ಥಾರ್ನ್ ಮಾತಿನ ಮೇಲೆ ಕ್ಯಾಲ್ಟೆಕ್ 1979ರಲ್ಲಿ ಸ್ಕಾಟ್‌ಲೆಂಡಿನ ಗ್ಲಾಸ್ಗೋದಿಂದ ರೊನಾಲ್ಡ್ ಡ್ರೆವರ್ ಅವರನ್ನು ಕರೆತಂದಿತು. ಡ್ರೆವರ್ ಅದ್ಭುತ ಮನುಷ್ಯ. ಸಮೀಕರಣ ಬರೆಯುವುದಕ್ಕಿಂತ ಚಿತ್ರದಲ್ಲಿ ಯೋಚಿಸುವವರು. ಕಡಿಮೆ ಹಣದಲ್ಲಿ ಸಾಮಾನು ಹೊಂದಿಸಿ ಯಂತ್ರ ಮಾಡುವ ಕಲೆ ಅವರಿಗೆ ಗ್ಲಾಸ್ಗೋದಲ್ಲಿ ಒಲಿದಿತ್ತು. ತೋಳಿನೊಳಗೆ ಬೆಳಕನ್ನು ಎರಡು ಕನ್ನಡಿಗಳ ನಡುವೆ ಸಿಕ್ಕಿಸಿ ಹಲವು ಬಾರಿ ಓಡಾಡಿಸುವುದು, ವ್ಯರ್ಥವಾಗಿ ಹಿಂದಿರುಗುವ ಬೆಳಕನ್ನು ಮತ್ತೆ ಒಳಗೇ ತಿರುಗಿಸಿ ಬಳಸಿಕೊಳ್ಳುವುದು, ಇವೆಲ್ಲ ಅವರ ಕೈವಾಡ. ಲೇಸರಿನ ಬಣ್ಣವನ್ನು ಅಲುಗದಂತೆ ಹಿಡಿದಿಡುವ, ಪೌಂಡ್ ಮತ್ತು ಹಾಲ್ ಹೆಸರುಗಳ ಜೊತೆ ಅವರ ಹೆಸರೂ ಸೇರಿರುವ ವಿಧಾನ ಇಂದು ಜಗತ್ತಿನ ನೂರಾರು ಪ್ರಯೋಗಾಲಯಗಳಲ್ಲಿ ಬಳಕೆಯಲ್ಲಿದೆ. ವೈಸ್ ಬರೆದ ತಕರಾರುಗಳಲ್ಲಿ ಹಲವಕ್ಕೆ ಪರಿಹಾರ ಡ್ರೆವರ್ ತಲೆಯಿಂದ ಬಂತು.

ಅತ್ತ ವೈಸ್ ಇನ್ನೊಂದು ಬಗೆಯ ಮಾತುಕತೆಗೆ ಕೂತಿದ್ದರು, ಎಂಜಿನಿಯರುಗಳ ಜೊತೆಗೆ. ಕಿಲೋಮೀಟರ್‌ಗಟ್ಟಲೆ ಉದ್ದದ ಕೊಳವೆಯೊಳಗಿನ ಗಾಳಿಯನ್ನೆಲ್ಲ ಹೀರಿ ತೆಗೆಯಲು ಎಷ್ಟು ಖರ್ಚು? ಯಾವ ಉಕ್ಕು? ಬೆಸುಗೆ ಎಲ್ಲಿ? ಭೂಮಿ ಗುಂಡಗಿದೆಯಲ್ಲ, ನಾಲ್ಕು ಕಿಲೋಮೀಟರ್ ನೇರಕ್ಕೆ ಹೋದರೆ ತುದಿಯಲ್ಲಿ ನೆಲ ಒಂದು ಮೀಟರಿಗಿಂತ ಹೆಚ್ಚು ಕೆಳಗೆ ಸರಿದಿರುತ್ತದೆ, ಅದಕ್ಕೇನು ಮಾಡುತ್ತೀರಿ? ಭೌತವಿಜ್ಞಾನಿಗಳು ಕನಸಿನಲ್ಲೂ ಕೇಳದ ಪ್ರಶ್ನೆಗಳು. ಇವುಗಳಿಗೆ ಉತ್ತರ ಸೇರಿಸಿ ಪೀಟರ್ ಸೌಲ್ಸನ್ ಮತ್ತು ಪಾಲ್ ಲಿನ್ಸೇ ಜೊತೆ ವೈಸ್ 1983ರಲ್ಲಿ ಸಿದ್ಧಪಡಿಸಿದ ವರದಿ, ಹೊದಿಕೆಯ ಬಣ್ಣದಿಂದಾಗಿ ‘ನೀಲಿ ಪುಸ್ತಕ’ ಎಂದೇ ಹೆಸರಾಯಿತು. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಅದನ್ನು ನೋಡಿದ ಮೇಲೆ ಎಂಐಟಿ, ಕ್ಯಾಲ್ಟೆಕ್ ಎರಡೂ ಒಟ್ಟಾಗಿ ದುಡಿಯಬೇಕೆಂದು ಸೂಚಿಸಿತು. ಲೈಗೊ ಎಂಬ ಹೆಸರಿನ ಯೋಜನೆ ಹೀಗೆ ರೂಪ ತಳೆಯಿತು.

ಆಮೇಲೆ ಕಷ್ಟ ಬಂತು. ಅದು ಬಂದದ್ದು ಮಾತುಕತೆಯಿಂದಲೇ ಎನ್ನುವುದು ನನಗೆ ಈ ಕಥೆಯಲ್ಲಿ ತೀರಾ ಮುಖ್ಯವಾಗಿ ಕಾಣುತ್ತದೆ. 1984ರಿಂದ ಯೋಜನೆಯ ಚುಕ್ಕಾಣಿ ವೈಸ್, ಥಾರ್ನ್, ಡ್ರೆವರ್ ಮೂವರ ಕೈಯಲ್ಲಿ. ಮೂವರೂ ಸಮಾನರು, ಮೂವರೂ ಒಪ್ಪಿದರೆ ಮಾತ್ರ ತೀರ್ಮಾನ. ಕೇಳಲು ಎಷ್ಟು ಚೆನ್ನಾಗಿದೆ! ನಡೆದದ್ದು ಬೇರೆ. ವೈಸ್ ಅವರಿಗೆ ಬೇಗ ದೊಡ್ಡದಾಗಿ ಕಟ್ಟುವ ಆತುರ. ಡ್ರೆವರ್ ಅವರಿಗೆ ಇನ್ನೂ ಮಾದರಿಯಲ್ಲೇ ಪ್ರಯೋಗ ಮಾಡುವ ಆಸೆ. ಸೋಮವಾರ ಒಪ್ಪಿದ್ದನ್ನು ಮಂಗಳವಾರ ಹೊಸ ಯೋಚನೆಯೊಂದಿಗೆ ಬಂದು ಮತ್ತೆ ಬಿಚ್ಚುವರು. ಥಾರ್ನ್ ನಡುವೆ ನಿಂತು ಇಬ್ಬರನ್ನೂ ಸಮಾಧಾನ ಮಾಡುವರು. ಮಾತು ಮುಗಿಯುತ್ತಿರಲಿಲ್ಲ. ಯೋಚನೆಯನ್ನು ಬದುಕಿಸಿದ ಗುಣವೇ ಈಗ ಯೋಜನೆಯನ್ನು ಕೊಲ್ಲತೊಡಗಿತ್ತು.

ಈ ಹೊತ್ತಿನಲ್ಲಿ ಕಾಣಿಸಿಕೊಂಡವರು ಮತ್ತೆ ಅದೇ ಗಾರ್ವಿನ್. ವೆಬರ್ ಉರುಳೆಗಳ ಗದ್ದಲ ನೆನಪಿದ್ದ ಅವರು, ಇಷ್ಟು ದೊಡ್ಡ ಮೊತ್ತಕ್ಕೆ ಕೈಹಾಕುವ ಮುಂಚೆ ಗಂಭೀರ ಪರಿಶೀಲನೆ ಆಗಲಿ ಎಂದು ಪ್ರತಿಷ್ಠಾನವನ್ನು ಒತ್ತಾಯಿಸಿದರು. 1986ರಲ್ಲಿ ಎಂಐಟಿ ಇರುವ ಕೇಂಬ್ರಿಜ್‌ನಲ್ಲಿ ಒಂದು ವಾರ ವಿಚಾರಣೆ ನಡೆಯಿತು. ಪರಿಶೀಲಕರು ವಿಜ್ಞಾನ ಗಟ್ಟಿಯಿದೆ ಎಂದರು, ಯೋಜನೆಯನ್ನು ಹಂತಹಂತವಾಗಿ ಅಲ್ಲ, ಪೂರ್ಣ ಗಾತ್ರದ ಎರಡು ಯಂತ್ರಗಳಾಗಿಯೇ ಕಟ್ಟಬೇಕು ಎಂದರು, ಮತ್ತು ಮೂವರ ಆಡಳಿತ ತೆಗೆದು ಒಬ್ಬ ನಿರ್ದೇಶಕನನ್ನು ನೇಮಿಸಬೇಕು ಎಂದರು. ತಕರಾರು ತೆಗೆಯಲು ಬಂದವರಿಂದ ಯೋಜನೆಗೆ ಬಲ ಬಂತು. 1987ರಲ್ಲಿ ಕ್ಯಾಲ್ಟೆಕ್‌ನ ರೋಕಸ್ ವೋಗ್ಟ್ ನಿರ್ದೇಶಕರಾದರು. ಅವರು ತೀರ್ಮಾನ ತೆಗೆದುಕೊಳ್ಳಲು ಹಿಂಜರಿಯುವವರಲ್ಲ. 1989ರ ಪ್ರಸ್ತಾವ ಅವರ ಕಾಲದ್ದು, 1990ರಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಆದರೆ ಅವರಿಗೂ ಡ್ರೆವರ್‌ಗೂ ಹೊಂದಿಕೊಳ್ಳಲಿಲ್ಲ. 1992ರಲ್ಲಿ ಡ್ರೆವರ್ ಯೋಜನೆಯಿಂದ ಹೊರಬಿದ್ದರು. ಹತ್ತು ತಕರಾರಿಗೆ ಪರಿಹಾರ ಕೊಟ್ಟ ಮನುಷ್ಯನಿಗೆ ತಾನೇ ಕಟ್ಟಿದ ಮನೆಯಲ್ಲಿ ಜಾಗ ಇಲ್ಲವಾಯಿತು. ಯಾರ ತಪ್ಪು ಎಂದು ಹೇಳುವುದು ಸುಲಭವಲ್ಲ. ಎಲ್ಲವನ್ನೂ ಮತ್ತೆ ತೆರೆದು ನೋಡುವ ಬುದ್ಧಿ ಆರಂಭದಲ್ಲಿ ವರ. ಕಾಂಕ್ರೀಟು ಸುರಿದ ಮೇಲೆ ಅದೇ ಬುದ್ಧಿಯ ಜೊತೆ ಯಾರೂ ಬಾಳಲಾರರು.

1994ರಲ್ಲಿ ಯೋಜನೆಯ ಚುಕ್ಕಾಣಿ ಹಿಡಿದ ಬ್ಯಾರಿ ಬ್ಯಾರಿಶ್ ಕಣ ಭೌತವಿಜ್ಞಾನದವರು. ಅಮೆರಿಕದ ಬೃಹತ್ ಕಣವೇಗವರ್ಧಕ ಯೋಜನೆ ಹಿಂದಿನ ವರ್ಷ ರದ್ದಾಗಿತ್ತು. ಅಲ್ಲಿನ ಅನುಭವಿಗಳಲ್ಲಿ ಕೆಲವರನ್ನು ಅವರು ಇತ್ತ ಸೆಳೆದರು. ಸಾವಿರ ಜನ ಒಂದು ಪ್ರಯೋಗ ನಡೆಸುವುದು ಹೇಗೆಂದು ಕಣ ಭೌತವಿಜ್ಞಾನಿಗಳಿಗೆ ರೂಢಿಯಿತ್ತು. ಬ್ಯಾರಿಶ್ ಎರಡು ಕೆಲಸ ಮಾಡಿದರು. ಮೊದಲು ಸಾಧಾರಣ ಸೂಕ್ಷ್ಮತೆಯ ಯಂತ್ರ, ಆಮೇಲೆ ಅದೇ ಕಟ್ಟಡದಲ್ಲಿ ಸುಧಾರಿತ ಯಂತ್ರ ಎಂದು ಎರಡು ಹೆಜ್ಜೆಯ ಯೋಜನೆ ಹಾಕಿದರು. 1997ರಲ್ಲಿ, ಯಂತ್ರ ನಡೆಸುವ ಪ್ರಯೋಗಾಲಯ ಒಂದು, ದತ್ತಾಂಶ ಪರಿಶೀಲಿಸುವ ವಿಜ್ಞಾನಿಗಳ ಕೂಟ ಇನ್ನೊಂದು ಎಂದು ಬೇರೆ ಮಾಡಿದರು. ಆ ಕೂಟದ ಬಾಗಿಲು ಜಗತ್ತಿನ ಯಾವ ವಿಶ್ವವಿದ್ಯಾಲಯದವರಿಗೂ ತೆರೆದಿತ್ತು. ಯಾವುದರ ಬಗ್ಗೆ ಯಾರು ಮಾತಾಡಬಹುದು, ಯಾರು ತೀರ್ಮಾನ ಮಾಡಬೇಕು ಎಂಬುದು ಮೊದಲ ಬಾರಿಗೆ ಸ್ಪಷ್ಟವಾಯಿತು.

ಆ ಕೂಟ ತನ್ನ ಮೇಲೆಯೇ ತಕರಾರು ತೆಗೆಯುವ ಒಂದು ವಿಚಿತ್ರ ಪದ್ಧತಿಯನ್ನೂ ಬೆಳೆಸಿಕೊಂಡಿತು. ಬೆರಳೆಣಿಕೆಯ ಜನ ಸೇರಿ, ಯಾರಿಗೂ ಹೇಳದೆ, ಯಂತ್ರದ ಕನ್ನಡಿಗಳನ್ನು ಅಲುಗಿಸಿ ಸುಳ್ಳು ಅಲೆಯೊಂದನ್ನು ದತ್ತಾಂಶದೊಳಗೆ ತೂರಿಸಬಹುದಿತ್ತು. ಉಳಿದವರು ಅದು ನಿಜವೆಂದೇ ತಿಳಿದು ಪರಿಶೀಲಿಸಬೇಕಿತ್ತು. 2010ರ ಸೆಪ್ಟೆಂಬರಿನಲ್ಲಿ ಅಂಥದ್ದೊಂದು ಅಲೆ ಕಾಣಿಸಿತು. ತಿಂಗಳುಗಟ್ಟಲೆ ವಿಶ್ಲೇಷಣೆ ನಡೆಯಿತು, ಅಂತರ್ಜಾಲ ಸಭೆಗಳಲ್ಲಿ ವಾದಗಳಾದವು, ಪ್ರಬಂಧವನ್ನೂ ಬರೆದು ಮುಗಿಸಿದರು. 2011ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ಆರ್ಕೇಡಿಯಾದಲ್ಲಿ ಎಲ್ಲರೂ ಸೇರಿದ ಸಭೆಯಲ್ಲಿ ಗುಟ್ಟಿನ ಲಕೋಟೆ ತೆರೆದರು. ಸುಳ್ಳು ಅಲೆ! ಹತಾಶೆಯಾಗಿದ್ದು ಸಹಜ. ಆದರೆ ಆ ಅಭ್ಯಾಸದಲ್ಲಿ ಕೆಲವು ದೋಷಗಳು ಸಿಕ್ಕಿಬಿದ್ದವು.

2015ರ ಸೆಪ್ಟೆಂಬರ್ 14ರಂದು ನಿಜವಾದದ್ದು ಬಂದಾಗ, ಜರ್ಮನಿಯ ಹ್ಯಾನೋವರ್‌ನಲ್ಲಿ ಅದನ್ನು ಮೊದಲು ಕಂಡ ಮಾರ್ಕೊ ಡ್ರಾಗೊ ಮಾಡಿದ ಮೊದಲ ಕೆಲಸ ಇದು ಯಾರಾದರೂ ತೂರಿಸಿದ್ದೇ ಎಂದು ವಿಚಾರಿಸುವುದು. ವಾಷಿಂಗ್ಟನ್ ರಾಜ್ಯದ ಹ್ಯಾನ್‌ಫರ್ಡ್‌ನಲ್ಲೂ ಮೂರು ಸಾವಿರ ಕಿಲೋಮೀಟರ್ ಆಚೆ ಲೂಸಿಯಾನದ ಲಿವಿಂಗ್‌ಸ್ಟನ್‌ನಲ್ಲೂ ಏಳು ಮಿಲಿಸೆಕೆಂಡಿನ ಅಂತರದಲ್ಲಿ ಅದು ದಾಖಲಾಗಿತ್ತು. ಐದು ತಿಂಗಳು ತಮ್ಮ ತಮ್ಮಲ್ಲೇ ಕಿತ್ತಾಡಿ, ಯಾರಾದರೂ ಕಿಡಿಗೇಡಿ ಯಂತ್ರದೊಳಗೆ ನುಸುಳಿ ಮಾಡಿರಬಹುದೇ ಎಂಬುದನ್ನೂ ಪರಿಶೀಲಿಸಿ, 2016ರ ಫೆಬ್ರುವರಿ 11ರಂದು ಪ್ರಕಟಿಸಿದರು. ಸೂರ್ಯನ 36 ಪಟ್ಟು ಮತ್ತು 29 ಪಟ್ಟು ತೂಕದ ಎರಡು ಕಪ್ಪು ಕುಳಿಗಳು 130 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಒಂದಾಗಿದ್ದವು.

ಆ ದಾಖಲೆಯ ಕೊನೆಯ ತುಣುಕಿಗೆ ಬೆಂಗಳೂರಿನ ನಂಟಿದೆ. ಎರಡು ಕುಳಿಗಳು ಸೇರಿ ಒಂದಾದ ಮೇಲೆ, ಹೊಸ ಕುಳಿ ಕ್ಷಣಕಾಲ ಕಂಪಿಸಿ ಸುಮ್ಮನಾಗುತ್ತದೆ. ಕಪ್ಪು ಕುಳಿಯ ಮೇಲೆ ಅಲೆಯ ತುಣುಕೊಂದನ್ನು ಎಸೆದರೆ ಅದು ಹೀಗೆ ತನ್ನದೇ ಸ್ವರದಲ್ಲಿ ಕಂಪಿಸುತ್ತದೆಂದು 1970ರಲ್ಲಿ ಮೊದಲು ತೋರಿಸಿದವರು ನಮ್ಮ ಸಿ. ವಿ. ವಿಶ್ವೇಶ್ವರ. ಅವರು ಮಿಸ್ನರ್ ಕೈಕೆಳಗೆ ಸಂಶೋಧನೆ ಮಾಡಿದ್ದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ, ವೆಬರ್ ಉರುಳೆ ತೂಗುಹಾಕಿದ್ದ ಅದೇ ಊರಿನಲ್ಲಿ. ಊರಿಗೆ ಮರಳಿ ನೆಹರೂ ತಾರಾಲಯದ ಸ್ಥಾಪಕ ನಿರ್ದೇಶಕರಾಗಿ ಎರಡು ತಲೆಮಾರಿನ ಮಕ್ಕಳಿಗೆ ಆಕಾಶ ತೋರಿಸಿದರು. ತಮ್ಮ ಲೆಕ್ಕದ ಕಂಪನ ಕಂಡದ್ದನ್ನು ನೋಡಿಯೇ 2017ರ ಜನವರಿಯಲ್ಲಿ ತೀರಿಕೊಂಡರು. ಡ್ರೆವರ್ ತೀರಿಕೊಂಡದ್ದೂ ಅದೇ ವರ್ಷ, ಮಾರ್ಚಿನಲ್ಲಿ. ಅಕ್ಟೋಬರಿನಲ್ಲಿ ನೊಬೆಲ್ ಪ್ರಶಸ್ತಿ ವೈಸ್, ಥಾರ್ನ್, ಬ್ಯಾರಿಶ್ ಅವರಿಗೆ ಬಂತು.

ತಕರಾರುಗಳು ಮುಗಿದಿಲ್ಲ. ಹ್ಯಾನ್‌ಫರ್ಡ್‌ನ ದತ್ತಾಂಶದಲ್ಲಿ ಆಗಾಗ ಕಾಣುತ್ತಿದ್ದ ಒಂದು ವಿಚಿತ್ರ ಟಕಟಕವನ್ನು 2017ರಲ್ಲಿ ಬೆನ್ನುಹತ್ತಿ ಹೋದಾಗ, ದ್ರವ ಸಾರಜನಕದ ಕೊಳವೆಯ ಮೇಲೆ ಹೆಪ್ಪುಗಟ್ಟಿದ ಮಂಜನ್ನು ಬಾಯಾರಿದ ಕಾಡುಕಾಗೆಗಳು ಕುಕ್ಕುತ್ತಿದ್ದವು. 1972ರ ಅಷ್ಟು ದೊಡ್ಡ ಪಟ್ಟಿಯಲ್ಲಿ ಕಾಗೆ ಇರಲಿಲ್ಲ.

ಈಗ ಇಂಥದೇ ಯಂತ್ರ ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯ ಔಂಢಾ ಬಳಿ ಬರಲಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಬಾಲಾ ಅಯ್ಯರ್ ಮುಂತಾದವರು 2009ರಲ್ಲಿ ಕಟ್ಟಿದ ಇಂಡಿಗೊ ಎಂಬ ವಿಜ್ಞಾನಿಗಳ ಕೂಟದ ಮಾತುಕತೆಗಳಿಂದ ಬೆಳೆದ ಯೋಜನೆ ಅದು. ಕೇಂದ್ರ ಸಂಪುಟ 2016ರಲ್ಲಿ ತಾತ್ವಿಕ ಒಪ್ಪಿಗೆ ಕೊಟ್ಟು, 2023ರ ಏಪ್ರಿಲ್‌ನಲ್ಲಿ ಸುಮಾರು 2,600 ಕೋಟಿ ರೂಪಾಯಿ ಮಂಜೂರು ಮಾಡಿತು. ಯಂತ್ರದ ಭಾಗಗಳು ಅಮೆರಿಕದಿಂದ. ಕಟ್ಟಡ ಮತ್ತು ಎಂಟು ಕಿಲೋಮೀಟರ್ ನಿರ್ವಾತ ಕೊಳವೆ ನಮ್ಮವು. ಲೇಸರ್ ಬಲ್ಲ ಇಂದೋರಿನವರು, ನಿರ್ವಾತ ಬಲ್ಲ ಗಾಂಧಿನಗರದವರು, ದತ್ತಾಂಶ ಬಲ್ಲ ಪುಣೆಯವರು, ಕಟ್ಟಡ ಬಲ್ಲ ಮುಂಬೈಯವರು ಒಂದೇ ಮೇಜಿಗೆ ಬಂದಿದ್ದಾರೆ. ಒಬ್ಬರ ಕಸುಬು ಇನ್ನೊಬ್ಬರಿಗೆ ಪೂರ್ತಿ ತಿಳಿಯದು. ಮರಾಠವಾಡಾದ ಬಿಸಿಲಿನಲ್ಲಿ ಉಕ್ಕು ಎಷ್ಟು ಹಿಗ್ಗುತ್ತದೆ, ಕಪ್ಪು ಮಣ್ಣು ಮಳೆಗಾಲದಲ್ಲಿ ಎಷ್ಟು ಉಬ್ಬುತ್ತದೆ ಎಂಬಂಥ ಪ್ರಶ್ನೆಗಳಿಗೆ ಹ್ಯಾನ್‌ಫರ್ಡ್‌ನ ಉತ್ತರ ಇಲ್ಲಿ ನಡೆಯುವುದಿಲ್ಲ.